ಮದುವೆಯ ಕರೆಯೋಲೆಯ ಮೇಲ್ವಿಳಾಸ: ಶ್ರೀಕಾರದ ಸಂಖ್ಯಾವಿಚಾರ

ಸಂಸ್ಕೃತ ಕೋಶಕಾರನಾದ ಮೋನಿಯರ್ ವಿಲಿಯಮ್ಸ್, ದೇವತೆಗಳ ಹೆಸರಿಗೆ ಮೊದಲು ಬರುವ ಶ್ರೀಶಬ್ದವನ್ನು ಎರಡು, ಮೂರು, ನಾಲ್ಕು ಸಲದವರೆಗೂ ಆವರ್ತಿಸುವುದುಂಟೆಂದೂ, ಆ ಆವರ್ತನೆ ಅತಿಶಯವಾದ ಪೂಜ್ಯಭಾವವನ್ನು ಸೂಚಿಸುವುದೆಂದೂ ಬರೆದಿದ್ದಾನೆ. ಕೋಶದ ಮಾತಾಗಿ ಇದರಲ್ಲಿ ದೊಡ್ಡ ದೋಷವಿಲ್ಲ. ಆದರೆ ದೇವತೆಗಳ ಮಟ್ಟಿಗೆ ಹೇಳಿದ ಆ ಮಾತನ್ನು ನಮ್ಮ ಕೆಲವು ಲೇಖಕರು ಕಾಗದಪತ್ರಗಳಿಗೂ ಎಳೆತಂದು, ಮದುವೆಯ ಕರೆಯೋಲೆಯ ಮೇಲ್ವಿಳಾಸದಲ್ಲಿ ಶ್ರೀಕಾರ ಹೆಚ್ಚಿದಷ್ಟೂ ಆದರ ಹೆಚ್ಚು, ಕಡಮೆಯಾದಷ್ಟೂ ಉಪೇಕ್ಷೆ ಹೆಚ್ಚು ಎಂಬ ಸೂತ್ರವನ್ನು ಕಟ್ಟಿ, ಅದನ್ನು ಪರಂಪರೆಯ ಹೆಸರಿನಲ್ಲಿ ಸಾರುತ್ತಿರುವುದರಿಂದ, ಈ ವಿಷಯದಲ್ಲಿ ಪರಂಪರೆಯೇ ಏನು ಹೇಳಿದೆಯೆಂಬುದನ್ನು ಒಮ್ಮೆ ನಿಧಾನವಾಗಿ ಪರಿಶೀಲಿಸುವುದು ಅವಶ್ಯವಾಗಿದೆ.

ಲಗ್ನಪತ್ರಿಕೆಯ ಒಕ್ಕಣೆಯನ್ನಾಗಲಿ ಅದರ ನೆತ್ತಿಯ ಮೇಲಿನ ದೇವತಾಸ್ಮರಣೆಯನ್ನಾಗಲಿ ಇಲ್ಲಿ ವಿವರಿಸಬೇಕಾದುದಿಲ್ಲ. ಓದುಗರು ಅದನ್ನು ಬಲ್ಲರು. ನನ್ನ ವಿಚಾರ ಲಕೋಟೆಯ ಹೊರಮೈಗೆ ಸಂಬಂಧಿಸಿದ್ದು. ಅಚ್ಚಿನ ಪತ್ರಿಕೆ ಬಂದಮೇಲೆ ಸೋದರಮಾವನಿಗೂ ಕಚೇರಿಯ ಮೇಲಧಿಕಾರಿಗೂ ಅಂಗಡಿಯ ಶೆಟ್ಟರಿಗೂ ಒಳಗಿನ ಮಾತು ಒಂದೇ ಆಗಿ ಹೋಯಿತು. ಮೇಲಾಗಿ, ಅಂಟಿಸದ ಲಕೋಟೆಯಲ್ಲಿ ಬುಕ್‌ಪೋಸ್ಟ್ ಎಂದು ಬರೆದು ಕಡಮೆ ದರದಲ್ಲಿ ಕಳುಹಿಸುತ್ತಿದ್ದವರಿಗೆ, ಒಳಗೆ ಖಾಸಗಿಯಾಗಿ ನಾಲ್ಕು ಸಾಲು ಬರೆಯುವ ಅವಕಾಶವೂ ಅಂಚೆಯ ನಿಯಮದಿಂದ ತಪ್ಪಿತು. ಹೀಗಾಗಿ, ಕರೆಯುವವನಿಗೂ ಕರೆಸಿಕೊಳ್ಳುವವನಿಗೂ ಇರುವ ಸಂಬಂಧದ ತಾರತಮ್ಯವೆಲ್ಲ ನಾಲ್ಕು ಮೂಲೆಗೆ ಅರಿಸಿನ ಹಚ್ಚಿದ ಆ ಲಕೋಟೆಯ ಮೇಲಿನ ಮೂರು ಸಾಲುಗಳಿಗೆ ಬಂದು ನಿಂತಿತು.

ಈಗ ಆಕರಕ್ಕೆ ಬರೋಣ. ವರರುಚಿಯ ಹೆಸರಿನಲ್ಲಿ ಪ್ರಚಲಿತವಾದ ಪತ್ರಕೌಮುದಿಯೆಂಬ ಗ್ರಂಥದ ವಚನಗಳನ್ನು (ಯಾವ ವರರುಚಿಯೆಂಬ ಜಗಳಕ್ಕೆ ನಾನು ಹೋಗುವುದಿಲ್ಲ) ರಾಧಾಕಾಂತದೇವನು 19ನೆಯ ಶತಮಾನದಲ್ಲಿ ತನ್ನ ಶಬ್ದಕಲ್ಪದ್ರುಮದಲ್ಲಿ ಉದ್ಧರಿಸಿದ್ದಾನೆ. ಪತ್ರದ ಉದ್ದವೆಷ್ಟಿರಬೇಕು, ಅದನ್ನು ಮೂರಾಗಿ ಮಡಿಸಿ ಮೇಲಿನ ಎರಡು ಭಾಗಗಳನ್ನು ಹೇಗೆ ಬಿಡಬೇಕು ಎಂಬುದನ್ನೆಲ್ಲ ಹೇಳುವ ಈ ಗ್ರಂಥವು ಶ್ರೀಕಾರದ ಲೆಕ್ಕವನ್ನೂ ಕೊಡುತ್ತದೆ: ಗುರುವಿಗೆ 6, ಸ್ವಾಮಿಗೆ 5, ಶತ್ರುವಿಗೆ 4, ಮಿತ್ರನಿಗೆ 3, ಭೃತ್ಯನಿಗೆ 2, ಮಗನಿಗೂ ಹೆಂಡತಿಗೂ ಒಂದೊಂದು.

ಆದರಸೂತ್ರದವರು ಈ ಪಟ್ಟಿಯ ಮೊದಲ ಎರಡು ಸ್ಥಾನಗಳನ್ನು ನೋಡಿ ತೃಪ್ತರಾದಂತೆ ಕಾಣುತ್ತದೆ. ಮೂರನೆಯದಕ್ಕೆ ಕಣ್ಣು ಹಾಯಿಸಿದ್ದರೆ ಈ ಲೇಖನವೇ ಬೇಕಾಗುತ್ತಿರಲಿಲ್ಲ. ಶ್ರೀಕಾರವು ಪೂಜ್ಯಭಾವದ ಅಳತೆಯಾಗಿದ್ದರೆ ಶತ್ರುವು ಮಿತ್ರನಿಗಿಂತ ಪೂಜ್ಯನೆಂದೂ, ಮನೆಯ ಆಳು ಮನೆಯೊಡತಿಗಿಂತ ಎರಡರಷ್ಟು ಮಾನ್ಯನೆಂದೂ ಒಪ್ಪಬೇಕಾಗುತ್ತದೆ. ಯಾವ ಧರ್ಮಶಾಸ್ತ್ರಕಾರನೂ ಯಾವ ಗೃಹಸ್ಥನೂ ಒಪ್ಪದ ಮಾತಿದು.

‘ಶತ್ರುವನ್ನು ಹೇಳುವ ರಿಪು ಎಂಬ ಪದ ಲಿಪಿಕಾರನ ಪ್ರಮಾದ, ಅಲ್ಲಿ ನೃಪ ಎಂದು ತಿದ್ದಿಕೊಂಡರೆ ತೊಡಕೇ ಉಳಿಯುವುದಿಲ್ಲ’ ಎನ್ನುವವರಿರಬಹುದು. ಛಂದಸ್ಸು ಈ ತಿದ್ದುಪಡಿಗೆ ಅಡ್ಡಿಬರುವುದಿಲ್ಲವೆಂಬುದನ್ನು ನಾನೇ ಒಪ್ಪಿಕೊಳ್ಳುತ್ತೇನೆ. ಆದರೆ ಅರ್ಥ ಅಡ್ಡಿಬರುತ್ತದೆ. ಸ್ವಾಮಿಗೆ 5 ಎಂದು ವಿಧಿಸಿದ ಗ್ರಂಥಕಾರನು ಎಲ್ಲ ಸ್ವಾಮಿಗಳಿಗೂ ಸ್ವಾಮಿಯಾದ ಅರಸನಿಗೆ 4 ಎಂದು ವಿಧಿಸುವುದೆಂತು? ಈ ಲೆಕ್ಕವು ಬರಿಯ ಪುಸ್ತಕದ ಬದನೆಕಾಯಿಯಾಗಿರಲಿಲ್ಲವೆಂಬುದಕ್ಕೆ ನೇಪಾಳವೇ ಸಾಕ್ಷಿ. ಅಲ್ಲಿ ಅರಸರ ಬಿರುದು ‘ಶ್ರೀ 5’ ಎಂದೇ ಇದ್ದಿತು. ರಾಣಾ ಮನೆತನದ ಪ್ರಧಾನಿಗಳದು ‘ಶ್ರೀ 3’. ಅರಸನು ಸ್ವಾಮಿಯ 5ರ ಕೋಷ್ಟಕದಲ್ಲಿಯೇ ಸೇರಿದವನೆಂದಮೇಲೆ 4ರ ಸ್ಥಾನದಲ್ಲಿ ಅವನನ್ನು ಮತ್ತೊಮ್ಮೆ ಕೂರಿಸಲು ಎಡೆಯೆಲ್ಲಿದೆ? ಇನ್ನೂ ಒಂದು ಮಾತು. ಲಿಪಿಕಾರರು ತಪ್ಪುವುದು ಕಠಿಣವಾದುದನ್ನು ಸುಲಭಗೊಳಿಸುವ ಕಡೆಗೇ ಹೊರತು, ಸುಲಭವಾದ ನೃಪನನ್ನು ಕೆಡಿಸಿ ಯಾರೂ ನಿರೀಕ್ಷಿಸದ ರಿಪುವನ್ನು ತಂದಿಡುವ ಕಡೆಗಲ್ಲ. ಪಾಠಸಂಶೋಧನೆಯ ಈ ಮೊದಲ ಪಾಠವನ್ನು ಮರೆತು ತಿದ್ದುವವರ ಕೈಯಲ್ಲಿ ಹಳೆಯ ಗ್ರಂಥಗಳು ಪಟ್ಟ ಪಾಡು ಸಾಮಾನ್ಯವಲ್ಲ.

ಆದುದರಿಂದ ಶತ್ರುವನ್ನು ಅವನ ಸ್ಥಾನದಲ್ಲಿಯೇ ಬಿಟ್ಟು ಅರ್ಥವನ್ನು ಹುಡುಕಬೇಕು. ಹಾಗೆ ಹುಡುಕಿದರೆ ಪಟ್ಟಿ ತಾನಾಗಿ ಬಿಡಿಸಿಕೊಳ್ಳುತ್ತದೆ. ಇಲ್ಲಿ ಅಳೆದಿರುವುದು ಆದರವನ್ನಲ್ಲ, ಅಂತರವನ್ನು. ಗುರುವಿನೊಡನೆ ಭಯಭಕ್ತಿಯ ಅಂತರ, ಸ್ವಾಮಿಯೊಡನೆ ಅಧಿಕಾರದ ಅಂತರ, ಶತ್ರುವಿನೊಡನೆ ಎಚ್ಚರಿಕೆಯ ಅಂತರ. ಮಿತ್ರನಲ್ಲಿ ಅದು ಇಳಿಯುತ್ತದೆ, ದಿನವೂ ಮನೆಯೊಳಗೆ ಓಡಾಡುವ ಆಳಿನಲ್ಲಿ ಮತ್ತೂ ಇಳಿಯುತ್ತದೆ, ಮಡದಿಮಕ್ಕಳಲ್ಲಿ ಇಲ್ಲವೆನ್ನುವಷ್ಟಾಗುತ್ತದೆ. ಒಂದು ಶ್ರೀಕಾರ ಉಳಿದಿರುವುದು ಮಂಗಲಾರ್ಥವಾಗಿ ಮಾತ್ರ.

ನಮ್ಮ ಲಗ್ನಪತ್ರಿಕೆಯೇ ಇದಕ್ಕೆ ಪೋಷಕವಾಗಿದೆ. ಪತ್ರಿಕೆಯ ನೆತ್ತಿಯಲ್ಲಿ ಮನೆದೇವರ ಹೆಸರಿಗೆ ಒಂದೇ ಶ್ರೀಕಾರ: ಶ್ರೀ ವೆಂಕಟೇಶ್ವರ ಪ್ರಸನ್ನ, ಶ್ರೀ ಮಂಜುನಾಥ ಪ್ರಸನ್ನ. ಅದೇ ಪತ್ರಿಕೆಯನ್ನು ಮಠಕ್ಕೆ ಒಪ್ಪಿಸುವಾಗ ಲಕೋಟೆಯ ಮೇಲೆ ಶ್ರೀ ಶ್ರೀ ಶ್ರೀ ಎಂದು ಮೂರು. (108, 1008 ಎಂಬ ಅಂಕಿಗಳು ಪವಿತ್ರಸಂಖ್ಯೆಗಳು, ಅವನ್ನು ಈ ಲೆಕ್ಕಕ್ಕೆ ಸೇರಿಸಿ ಗೊಂದಲ ಮಾಡಬಾರದು.) ದೇವರಿಗಿಂತ ಸ್ವಾಮಿಗಳು ಹೆಚ್ಚೆಂದು ಯಾವ ಭಕ್ತನೂ ಬಗೆದವನಲ್ಲ, ದೇವರು ಮನೆಯವನು, ಸ್ವಾಮಿಗಳು ಮಠದವರು, ಅಷ್ಟೆ. ದೇವತೆಗಳಿಗೆ ಎರಡು ಶ್ರೀಕಾರ ಹಚ್ಚುವ ವಾಡಿಕೆ ಬಂಗಾಳದಲ್ಲುಂಟೆಂಬುದನ್ನು ನಾನು ಬಲ್ಲೆ, ಮೋನಿಯರ್ ವಿಲಿಯಮ್ಸನು ಕೊಟ್ಟ ದುರ್ಗೆಯ ಉದಾಹರಣೆ ಅದಕ್ಕೆ ಸರಿಹೊಂದುತ್ತದೆ. ಆದರೆ ಬಂಗಾಳದ ದೇವತಾಸ್ಮರಣೆಯಿಂದ ಕನ್ನಡನಾಡಿನ ಲಕೋಟೆಗೆ ನಿಯಮ ಹೊರಡಿಸುವುದು ಸಾಹಸ.

ಅರ್ಥಶಾಸ್ತ್ರವೂ ಇದೇ ಪಕ್ಷವನ್ನು ಬೆಂಬಲಿಸುತ್ತದೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾದ ಈ ಗ್ರಂಥವನ್ನು ತೆರಿಗೆಗೂ ಗೂಢಚಾರರಿಗೂ ಓದುವವರು ಬಹುಮಂದಿ. ಅದರ ಎರಡನೆಯ ಅಧಿಕರಣದ ಹತ್ತನೆಯ ಅಧ್ಯಾಯವನ್ನು ಪತ್ರಶಿಷ್ಟಾಚಾರಕ್ಕಾಗಿ ಓದುವವರು ವಿರಳ. ಪತ್ರವು ಪುರುಷನಿಗೆ ಅನುರೂಪವಾಗಿರಬೇಕೆಂದು ಹೇಳುವಲ್ಲಿ ಕೌಟಿಲ್ಯನು ಜಾತಿ, ಕುಲ, ಸ್ಥಾನ, ವಯಸ್ಸು, ವಿದ್ಯೆ ಮೊದಲಾದವುಗಳೊಡನೆ ಯೌನಾನುಬಂಧವನ್ನು, ಎಂದರೆ ಮದುವೆಯಿಂದ ಬಂದ ನಂಟನ್ನು, ಬೇರೆಯಾಗಿಯೇ ಎಣಿಸಿದ್ದಾನೆ. ಇದರ ಮರ್ಮ ಹೆಣ್ಣು ಕೊಟ್ಟವರಿಗೆ ತಿಳಿಯದುದಲ್ಲ. ನಿನ್ನೆಯವರೆಗೆ ಏಕವಚನದ ಗೆಳೆಯನಾಗಿದ್ದವನು ನಿಶ್ಚಿತಾರ್ಥದ ಮಾರನೆಯ ದಿನ ಬೀಗರಾಗಿ, ಲಕೋಟೆಯ ಮೇಲೆ ‘ಶ್ರೀಯುತ’ವನ್ನೂ ‘ಅವರ ಸನ್ನಿಧಿಗೆ’ ಎಂಬುದನ್ನೂ ಪಡೆಯುತ್ತಾನೆ. ಗೌರವ ಒಂದೇ ರಾತ್ರಿಯಲ್ಲಿ ಹೆಚ್ಚಿತೆನ್ನುವುದಕ್ಕಿಂತ, ಎಚ್ಚರಿಕೆ ಹೆಚ್ಚಿತೆನ್ನುವುದು ಸತ್ಯಕ್ಕೆ ಹತ್ತಿರ. ಅತ್ತ, ಒಡಹುಟ್ಟಿದವರಿಗೆ ಪತ್ರಿಕೆಯನ್ನು ಅಂಚೆಗೆ ಹಾಕಿದರೆ ಅದೇ ಅಪಚಾರ. ಕುಂಕುಮ ಅಕ್ಷತೆಯೊಡನೆ ಮನೆಗೆ ಹೋಗಿ ಕೈಯಲ್ಲಿಡಬೇಕು.

ಎಣಿಸಿ ಬರೆಯುವ ಶ್ರೀಕಾರ ನಮ್ಮಲ್ಲಿ ಸವೆದುಹೋದರೂ ಅದರ ಕೆಲಸವನ್ನು ಬೇರೆ ಅಕ್ಷರಗಳು ವಹಿಸಿಕೊಂಡವು. ಧಾರವಾಡ ಬೆಳಗಾವಿಗಳ ಕಡೆಯ ರಾ.ರಾ. (ರಾಜಮಾನ್ಯ ರಾಜಶ್ರೀ), ತೀರ್ಥರೂಪ ಮುಂತಾದುವು ಮರಾಠಿ ದಫ್ತರದ ಬಳುವಳಿ. ಮರಾಠಿಯಲ್ಲಿ ಈ ಮಾದರಿಗಳ ಕೈಪಿಡಿಯಾದ ಮೇಸ್ತಕವನ್ನು ಸಂಪ್ರದಾಯವು ದೇವಗಿರಿಯ ಯಾದವರ ಮಂತ್ರಿ ಹೇಮಾದ್ರಿಗೆ ಆರೋಪಿಸುತ್ತದೆ. ಮದರಾಸು ಆಧಿಪತ್ಯಕ್ಕೆ ಸೇರಿದ್ದ ಪ್ರದೇಶಗಳಲ್ಲಿ ಮ.ರಾ.ರಾ.ಶ್ರೀ. ನಡೆಯಿತು, ವೈದಿಕರಿಗೆ ವೇ.ಮೂ., ಕಿರಿಯರಿಗೆ ಚಿ. ಎಲ್ಲ ಕಡೆಯೂ ಉಂಟು. ವಿಧವೆಗೆ ಬರೆಯುತ್ತಿದ್ದ ಗಂ.ಭಾ. ಒಂದೇ ಬೇರೆ ಜಾತಿಯದು: ಗಂಗೆ ಭಾಗೀರಥಿಯರ ಹೆಸರಿಟ್ಟು ಕರೆದು, ಧಾರೆಯ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಕೂರಿಸಿದ ಸಮಾಜವು ಈ ಎರಡಕ್ಷರದಲ್ಲಿ ತೋರಿದ ಉಪಚಾರವನ್ನು ನಾನು ಉಪಚಾರವೆಂದು ಎಣಿಸಲಾರೆ. ಆದರಸೂತ್ರದವರು ಇದಕ್ಕೇನನ್ನುವರೋ ಕೇಳಬೇಕು.

ಈ ವಿಚಾರವನ್ನು ಮುಂದುವರಿಸಲು ಪತ್ರಿಕೆಗಳಿಗಿಂತ ಲಕೋಟೆಗಳು ಮುಖ್ಯ; ಆದರೆ ಮನೆಗಳಲ್ಲಿ ಪತ್ರಿಕೆಯನ್ನು ಜೋಪಾನ ಮಾಡಿ ಲಕೋಟೆಯನ್ನು ಎಸೆಯುವುದೇ ರೂಢಿಯಾಗಿದೆ. ಹಳೆಯ ಪೆಟ್ಟಿಗೆಗಳಲ್ಲಿ ಹಿರಿಯರ ಕೈಬರಹದ ಮೇಲ್ವಿಳಾಸವುಳ್ಳ ಲಕೋಟೆಗಳನ್ನು ಉಳಿಸಿಕೊಂಡಿರುವವರು, ಬರೆದವರಿಗೂ ಬರೆಸಿಕೊಂಡವರಿಗೂ ಏನು ನಂಟೆಂಬುದನ್ನು ಹಿಂಬದಿಯಲ್ಲಿ ಗುರುತು ಹಾಕಿ, ಸಮೀಪದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೆ ಒಪ್ಪಿಸಬೇಕೆಂದು ಬೇಡುತ್ತೇನೆ.