ಬೆರಳಲ್ಲಿ ತಿದ್ದಿದ 'ಅ'

ರಾಗಿಗುಡ್ಡ ಇರಲಿ, ಭದ್ರಾವತಿ ಇರಲಿ, ನಮ್ಮ ಕಡೆ ಪುಟ್ಟ ಮಕ್ಕಳ ಶಾಲೆ ಅಂದ್ರೆ 'ಮಾಂಟೆಸರಿ' ಅನ್ನೋದೇ ರೂಢಿ. ಅದು ಇಟಲಿಯ ಡಾಕ್ಟರಮ್ಮ ಒಬ್ಬರ ಹೆಸರು. ಮರಿಯಾ ಮಾಂಟೆಸರಿ 1907ರ ಜನವರಿ 6ರಂದು ರೋಮ್‌ನ ಸಾನ್ ಲೊರೆಂಜೊದಲ್ಲಿ ಮೊದಲ 'ಮಕ್ಕಳ ಮನೆ' ತೆರೆದರು, ಕೂಲಿಗೆ ಹೋಗೋರ ಮಕ್ಕಳಿಗಾಗಿ. ಈಗಿನ ಫೀಸು ನೋಡಿದ್ರೆ ಯಾರೂ ನಂಬಲ್ಲ!

1939ರಲ್ಲಿ ಶಿಕ್ಷಕರಿಗೆ ತರಬೇತಿ ಕೊಡಲು ಅವರು ಮದ್ರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿಯಿತು. ಬ್ರಿಟಿಷರು ಮಗ ಮಾರಿಯೋನನ್ನು ಬಂಧಿಸಿ, ತಾಯಿಯ 70ನೇ ಹುಟ್ಟುಹಬ್ಬಕ್ಕೆ ಬಿಟ್ಟರು. ಯುದ್ಧ ಮುಗಿಯೋ ತನಕ ಇಬ್ಬರೂ ಇಲ್ಲೇ ಉಳಿದರು.

ಕ್ಲಾಸಲ್ಲಿ ಏನು ನಡೆಯುತ್ತೆ? ಮಗು ಚಾಪೆ ಹಾಸುತ್ತೆ, ಜಗ್ಗಿನಿಂದ ನೀರು ಬಗ್ಗಿಸುತ್ತೆ, 10 ಗುಲಾಬಿ ಘನಗಳನ್ನ ಒಂದರ ಮೇಲೊಂದು ಪೇರಿಸುತ್ತೆ. ಬಿದ್ರೆ ಟೀಚರ್ ಬೈಯಲ್ಲ, ತಪ್ಪು ಮಗುವಿಗೇ ಕಾಣುತ್ತೆ. ಆಮೇಲೆ ಸ್ಯಾಂಡ್‌ಪೇಪರ್ ಅಕ್ಷರವನ್ನ ಬೆರಳಲ್ಲಿ ತಿದ್ದೋದು. ನಮ್ಮ ಕೂಲಿಮಠಗಳಲ್ಲಿ ಮರಳ ಮೇಲೆ ಹೀಗೇ ತಿದ್ದಿಸುತ್ತಿದ್ದರು, ಪಕ್ಕದಲ್ಲಿ ಅಯ್ಯನವರ ಬೆತ್ತ ಇರುತ್ತಿತ್ತು ಅಷ್ಟೆ.

ಇಂಗ್ಲಿಷಿಗೆ 26 ಅಕ್ಷರ ಸಾಕು. ಕನ್ನಡಕ್ಕೆ 49, ಮೇಲೆ ಕಾಗುಣಿತ, ಒತ್ತಕ್ಷರ. ಯಾವ ಸೆಟ್ ಮಾಡಿಸೋದು ಸುಲಭ, ನೀವೇ ಲೆಕ್ಕ ಹಾಕಿ. ಮಗುವನ್ನ ಸೇರಿಸೋಕೆ ಹೋದಾಗ ಫೀಸಿನ ಜೊತೆ ಇದನ್ನೂ ಕೇಳಿ: ನಿಮ್ಮ ಕಪಾಟಲ್ಲಿ 'ಅ' ಇದೆಯಾ?