ಆಕಾಶವಾಣಿಯಿಂದ ಅಂಗೈಗೆ: ಅಲೆಗಳ ಅಂಜಿಕೆಯ ಚರಿತ್ರೆ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕಡೆಯ ಬಂಡೆಗುಡ್ಡಗಳ ಮರೆಯಲ್ಲಿ ಮೊಬೈಲ್ ಹಿಡಿದು ಸಿಗ್ನಲ್ಲಿಗಾಗಿ ಮಾಳಿಗೆ ಏರುವುದು ಹೊಸ ಮಾತಲ್ಲ. ‘ನಮ್ಮೂರಿಗೊಂದು ಟವರ್ ಹಾಕ್ಸಿ’ ಎಂಬುದು ಅಲ್ಲಿಯ ಬೇಡಿಕೆ. ಕೊಟ್ಟೂರು, ಹರಪನಹಳ್ಳಿಯಂಥ ಪಟ್ಟಣಗಳಲ್ಲಿ ಮಾತು ತಿರುವುಮುರುವು. ಪಕ್ಕದ ಮನೆಯ ಮೇಲೆ ಟವರ್ ಏಳುತ್ತದೆಂದರೆ ಓಣಿಯವರ ಎದೆ ಝಲ್ಲೆನ್ನುತ್ತದೆ. ‘ವಿಕಿರಣದಿಂದ ಕ್ಯಾನ್ಸರ್ ಬರ್ತದಂತೆ’ ಎಂಬ ಮಾತು ಕಟ್ಟೆಯಿಂದ ಕಟ್ಟೆಗೆ ಹರಡುತ್ತದೆ. ಅಲೆ ಒಂದೇ, ಆಸೆ ಮತ್ತು ಅಂಜಿಕೆ ಎರಡು. ಈ ಅಂಜಿಕೆ ಹುಟ್ಟಿದ್ದು ಎಲ್ಲಿ? ಅದರಲ್ಲಿ ನಿಜವೆಷ್ಟು?

ಕನ್ನಡ ನಾಡಿಗೆ ರೇಡಿಯೊ ಅಲೆ ಬಂದಾಗ ಅದಕ್ಕೆ ಸಿಕ್ಕಿದ್ದು ಸ್ವಾಗತವೇ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟ್ ಶಕ್ತಿಯ ಪ್ರಸಾರ ಯಂತ್ರವಿಟ್ಟು ಬಾನುಲಿ ಆರಂಭಿಸಿದರು. ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ್ದಾಯಿತು. ಆಗ ನಮ್ಮ ಈ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಬಳ್ಳಾರಿಯೊಡನೆ ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು.

ಮುಂದಿನ ಹೆಜ್ಜೆ ಟಿ.ವಿ.ಯದು. 1975ರ ಆಗಸ್ಟಿನಿಂದ ಒಂದು ವರ್ಷ, ಉಪಗ್ರಹದ ನೆರವಿನಿಂದ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪ್ರಾಯೋಗಿಕವಾಗಿ ಟಿ.ವಿ. ತಲುಪಿತು. ತುಂಗಭದ್ರೆಯ ಆಚೆ ದಡದ ಅಂದಿನ ರಾಯಚೂರು ಜಿಲ್ಲೆಯೂ ಅದರಲ್ಲಿತ್ತು. ತಂತಿ ಬಲೆಯ ಕೊಡೆಯಂಥ ಆಂಟೆನಾದ ಕೆಳಗೆ ಊರಿಗೆ ಊರೇ ಕೂತು ಟಿ.ವಿ. ನೋಡಿತು.

ರೇಡಿಯೊ ಆಗಲಿ ಟಿ.ವಿ. ಆಗಲಿ ಪ್ರಸಾರದ ಅಲೆಯನ್ನು ಬರಮಾಡಿಕೊಳ್ಳುವ ಪೆಟ್ಟಿಗೆಗಳು ಮಾತ್ರ. ಕಳುಹಿಸುವ ಯಂತ್ರ ದೂರದ ನಿಲಯದಲ್ಲಿತ್ತು. 1995ರ ಜುಲೈ 31ರಂದು ಕಲ್ಕತ್ತೆಯಿಂದ ದೇಶದ ಮೊದಲ ಮೊಬೈಲ್ ಕರೆ ಹೋದಂದಿನಿಂದ ಈ ಏರ್ಪಾಡು ಬದಲಾಯಿತು. ಮೊಬೈಲ್ ಅಲೆಯನ್ನು ಹಿಡಿಯುವುದರ ಜೊತೆಗೆ ತಾನೂ ಕಳುಹಿಸುತ್ತದೆ. ಮೈಸೂರಿನ ಆ ಮನೆಯಲ್ಲಿದ್ದ ಪ್ರಸಾರ ಯಂತ್ರದ ಪುಟ್ಟ ತಮ್ಮನೊಬ್ಬ ಈಗ ನಮ್ಮ ಅಂಗಿಯ ಜೇಬಿನಲ್ಲಿ ಕೂತಿದ್ದಾನೆ. ಅಂಜಿಕೆ ಹೆಚ್ಚಿದ್ದರಲ್ಲಿ ಅಚ್ಚರಿಯಿಲ್ಲ.

ಆದರೆ ಅಂಜಿಕೆಯ ಬೇರು ಇನ್ನೂ ಹಿಂದಿನದು. 1895ರಲ್ಲಿ ಜರ್ಮನಿಯ ರಾಂಟ್ಜನ್ ಕ್ಷ-ಕಿರಣವನ್ನು ಕಂಡುಹಿಡಿದ. ಮೈಯೊಳಗಿನ ಮೂಳೆ ತೋರಿಸುವ ಬೆಳಕಿಗೆ ಜಗತ್ತು ಮರುಳಾಯಿತು. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಅದರೊಡನೆ ವರ್ಷಗಟ್ಟಲೆ ಕೆಲಸ ಮಾಡಿ, ಕೈಗಳನ್ನು ಕಳೆದುಕೊಂಡು, 1904ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಮುಂದೆ ರೇಡಿಯಂ ಬಂತು, ಹಿರೋಷಿಮಾ ಆಯಿತು. ‘ವಿಕಿರಣ’ ಎಂದರೆ ಸಾವು ಎಂಬ ಭಾವನೆ ಬೇರೂರಿದ್ದು ಸುಮ್ಮನೆ ಅಲ್ಲ.

ತೊಡಕಿರುವುದು ಈ ಪದದಲ್ಲೇ. ಕ್ಷ-ಕಿರಣವನ್ನೂ ಮೊಬೈಲ್ ಅಲೆಯನ್ನೂ ನಾವು ‘ವಿಕಿರಣ’ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಕ್ಷ-ಕಿರಣದ ಒಂದೊಂದು ಕಣಕ್ಕೂ ಜೀವಕೋಶದ ವಂಶವಾಹಿಯನ್ನು ಮುರಿಯುವಷ್ಟು ಶಕ್ತಿಯಿದೆ. ಮೊಬೈಲ್, ವೈ-ಫೈ, ರೇಡಿಯೊ ಅಲೆಗಳಿಗೆ ಅದಿಲ್ಲ. ನಮ್ಮ ಲಾಂದ್ರದ ಬೆಳಕಿನ ಒಂದು ಕಣಕ್ಕೇ ಅವುಗಳಿಗಿಂತ ಲಕ್ಷ ಪಟ್ಟಿಗೂ ಹೆಚ್ಚು ಶಕ್ತಿಯಿದೆ. ಮಡಕೆಗೆ ಒಂದು ಬೆಣಚುಕಲ್ಲು ಬೀಸಿದರೆ ಒಡೆದೀತು. ಹಡಗಲಿ ಮಲ್ಲಿಗೆಯನ್ನು ಬುಟ್ಟಿಗಟ್ಟಲೆ ಎರಚಿದರೂ ಒಡೆಯದು. ಹಾಗೆಂದು ಹೂವಿನ ಮೂಟೆಯನ್ನೇ ಹೇರಿದರೆ ಭಾರ ತಗಲದೆ ಇರದು. ರೇಡಿಯೊ ಅಲೆಯ ಆ ಭಾರವೇ ಬಿಸಿ. ಮೈಕ್ರೊವೇವ್ ಒಲೆಯಲ್ಲಿ ಅನ್ನ ಬಿಸಿಯಾಗುವುದು ಇದರಿಂದಲೇ. ಮೈ ಹೀಗೆ ಬಿಸಿಯಾಗಬಾರದೆಂದೇ ಸರ್ಕಾರಗಳು ಮಿತಿ ಗೊತ್ತುಮಾಡಿವೆ.

ಹಾಗಾದರೆ ಕ್ಯಾನ್ಸರಿನ ಮಾತು? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರ ಮೇ 31ರಂದು ರೇಡಿಯೊ ಅಲೆಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇದ್ದೀತು’ ಎಂಬ 2ಬಿ ಗುಂಪಿಗೆ ಸೇರಿಸಿತು. ಮುಂದೆ ನಡೆದದ್ದು ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ ನೋಡಿದವರಿಗೆ ಹೊಸದೆನಿಸದು. ಗೊರವಯ್ಯ ಬಿಲ್ಲನ್ನೇರಿ ನುಡಿಯುವುದು ಒಂದೇ ಮಾತು. ಅದನ್ನು ಒಬ್ಬರು ಮಳೆಗೆ, ಒಬ್ಬರು ಬೆಳೆಗೆ, ಮತ್ತೊಬ್ಬರು ರಾಜಕೀಯಕ್ಕೆ ಹೊಂದಿಸಿಕೊಂಡು ಮನೆಗೆ ಹೋಗುತ್ತಾರೆ. ವಿಜ್ಞಾನಿಗಳ ‘ಇದ್ದೀತು’ ಎಂಬುದನ್ನೂ ಕೆಲವರು ‘ಇದೆ’ ಎಂದು ಓದಿದರು, ಕೆಲವರು ‘ಇಲ್ಲ’ ಎಂದು ಓದಿದರು. ಅದರ ನಿಜವಾದ ಅರ್ಥ ‘ಸಾಕ್ಷ್ಯ ತೆಳುವಾಗಿದೆ, ಇನ್ನೂ ಹುಡುಕಬೇಕು’ ಎಂದಷ್ಟೇ. ಅದೇ 2ಬಿ ಗುಂಪಿನಲ್ಲಿ ಲೋಳೆಸರದ ಇಡೀ ಎಲೆಯ ಸಾರವೂ ಇದೆ. ತಂಬಾಕು ಮತ್ತು ಅಡಿಕೆ ಮಾತ್ರ ‘ಖಚಿತ’ ಎಂಬ ಮೊದಲ ಗುಂಪಿನಲ್ಲಿವೆ. ಬಾಯಲ್ಲಿ ಗುಟ್ಕಾ ಇಟ್ಟುಕೊಂಡೇ ಟವರಿಗೆ ಹೆದರುವವರು ಈ ಪಟ್ಟಿಯನ್ನೊಮ್ಮೆ ನೋಡುವುದು ಒಳಿತು.

ಹುಡುಕಾಟವೂ ನಿಂತಿಲ್ಲ. 2018ರಲ್ಲಿ ಅಮೆರಿಕದ ಸರ್ಕಾರಿ ಅಧ್ಯಯನವೊಂದು, ದಿನಕ್ಕೆ ಸುಮಾರು 9 ಗಂಟೆಯಂತೆ ಎರಡು ವರ್ಷ ಇಡೀ ಮೈಗೆ ಪ್ರಬಲ ಅಲೆ ಹಾಯಿಸಿದ ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆಗಳನ್ನು ಕಂಡಿತು. ಮನುಷ್ಯರ ಬಳಕೆಗೆ ಇದನ್ನು ನೇರವಾಗಿ ಹೋಲಿಸಲಾಗದು ಎಂದು ಅಧ್ಯಯನ ನಡೆಸಿದವರೇ ಹೇಳಿದರು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ, ಮನುಷ್ಯರ ಮೇಲೆ ನಡೆದ 63 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಲಾಯಿತು. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಮೊಬೈಲ್ ಬಳಸಿದವರಲ್ಲೂ ಮೆದುಳಿನ ಕ್ಯಾನ್ಸರ್ ಹೆಚ್ಚಿದ್ದು ಕಂಡುಬರಲಿಲ್ಲ.

ಭಾರತವೂ ಸುಮ್ಮನೆ ಕೂತಿರಲಿಲ್ಲ. 2012ರ ಸೆಪ್ಟೆಂಬರ್ 1ರಿಂದ ಟವರುಗಳ ಅಲೆಯ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. ಹ್ಯಾಂಡ್‌ಸೆಟ್ಟಿನಿಂದ ದೇಹ ಹೀರುವ ಶಕ್ತಿ ಕಿಲೋಗ್ರಾಮಿಗೆ 1.6 ವ್ಯಾಟ್ ಮೀರಬಾರದೆಂದು ಗೊತ್ತುಮಾಡಿತು.

ಓಣಿಯ ಜಗಳದಲ್ಲಿ ಮರೆತುಹೋಗುವ ಸಂಗತಿಯೊಂದಿದೆ. ಅಲೆಯ ಬಲ ದೂರಕ್ಕೆ ಬೇಗನೆ ಕುಗ್ಗುತ್ತದೆ. ದೂರ ಎರಡರಷ್ಟಾದರೆ ಬಲ ನಾಲ್ಕನೇ ಒಂದು. ಹೀಗಾಗಿ ಬೀದಿಯಾಚೆಯ ಟವರಿಗಿಂತ ಕಿವಿಗೆ ಒತ್ತಿಕೊಂಡ ಫೋನಿನಿಂದಲೇ ತಲೆಗೆ ತಾಗುವ ಅಲೆ ಸಾಮಾನ್ಯವಾಗಿ ಹೆಚ್ಚು. ಟವರ್ ದೂರವಾದಷ್ಟೂ ಅದನ್ನು ಮುಟ್ಟಲು ಫೋನು ತನ್ನ ಶಕ್ತಿಯನ್ನು ಏರಿಸುತ್ತದೆ. ಟವರನ್ನು ಊರಾಚೆ ಓಡಿಸಿದವರು, ತಮಗರಿವಿಲ್ಲದೆಯೇ ಅಲೆಯನ್ನು ಕಿವಿಯ ಹತ್ತಿರಕ್ಕೆ ಕರೆದುಕೊಂಡಂತಾಗುತ್ತದೆ. ಗುಡೇಕೋಟೆಯ ಬಂಡೆಯ ಮರೆಯಲ್ಲಿ ಒಂದೇ ಗೆರೆಯ ಸಿಗ್ನಲ್ಲಿನಲ್ಲಿ ಗಂಟೆಗಟ್ಟಲೆ ಮಾತಾಡುವವನಿಗೆ ತಾಗುವ ಅಲೆ, ಟವರಿನ ಹತ್ತಿರವಿದ್ದು ಅಷ್ಟೇ ಹೊತ್ತು ಮಾತಾಡುವವನಿಗಿಂತ ಹೆಚ್ಚಿರಬಹುದು.

ಉಳಿದ ಸಂದೇಹಕ್ಕೆ ಮದ್ದು ದುಬಾರಿಯದಲ್ಲ. ಸಿಗ್ನಲ್ ಕಡಿಮೆಯಿದ್ದಾಗ ಮಾತು ಚುಟುಕಾಗಿರಲಿ. ಉದ್ದ ಮಾತಿಗೆ ಇಯರ್‌ಫೋನ್ ಅಥವಾ ಸ್ಪೀಕರ್ ಬಳಸಿ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡ ಹಿರಿಯರು ಫೋನನ್ನು ಎದೆಯಿಂದ ಅರ್ಧ ಅಡಿಯಾದರೂ ದೂರವಿಡಲಿ. ಟವರಿನ ಬಗ್ಗೆ ಅನುಮಾನವಿದ್ದರೆ ಕೇಳಬೇಕಾದದ್ದು ‘ಅಳತೆ ಎಷ್ಟು, ಮಿತಿಯೊಳಗಿದೆಯೇ’ ಎಂದು. ಆ ಪ್ರಶ್ನೆ ಕೇಳುವ ಹಕ್ಕು ಪ್ರತಿ ಓಣಿಗೂ ಇದೆ. ಕ್ಷ-ಕಿರಣದ ಕಾಲದಲ್ಲಿ ಜನ ಕೇಳದೆ ಕೆಟ್ಟರು. ಈ ಕಾಲದಲ್ಲಿ ಕೇಳದೆಯೇ ಹೆದರುತ್ತಿದ್ದೇವೆ. ಎರಡಕ್ಕೂ ಮದ್ದು ಅಳತೆಯ ಲೆಕ್ಕವೇ.