ಒಂದು ಹನಿ ರಕ್ತ, ಎರಡು ಗೆರೆ

ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಂತಹ ಊರಿನಲ್ಲಿ ನೀವು ಬೆಳೆದವರಾದರೆ ಉಣುಗಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಸೊಪ್ಪಿನ ಬೆಟ್ಟ ಸುತ್ತಿ ಬಂದ ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಅದು ಕಚ್ಚಿಕೊಂಡಿರುತ್ತದೆ. ಕೆಲವು ದಿನಗಳ ಬಳಿಕ ನಾಯಿ ಅನ್ನ ಬಿಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ. ಇಂದು ಪಶುವೈದ್ಯರು ಒಂದು ಹನಿ ರಕ್ತವನ್ನು ಪುಟ್ಟ ಪರೀಕ್ಷಾ ಪಟ್ಟಿಗೆ ಹಾಕಿ, ಹತ್ತು ಹದಿನೈದು ನಿಮಿಷಗಳಲ್ಲಿ ಫಲಿತಾಂಶ ಹೇಳಬಲ್ಲರು. ಅದನ್ನು ಎಷ್ಟು ನಂಬಬೇಕು? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಉಣುಗು ರೋಗ ಹರಡಬಲ್ಲದೆಂದು ಮೊದಲು ಸಿದ್ಧವಾದದ್ದು ನಾಯಿಯಿಂದಲ್ಲ, ದನದಿಂದ. ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಎಫ್. ಎಲ್. ಕಿಲ್ಬೋರ್ನ್ 1893ರಲ್ಲಿ ಟೆಕ್ಸಾಸ್ ಜ್ವರದ ಕುರಿತು ಇದನ್ನು ಪ್ರಕಟಿಸಿದರು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡದ್ದು ನಾಲ್ಕು ವರ್ಷಗಳ ನಂತರ. ನಮ್ಮ ಪಕ್ಕದ ಮದರಾಸಿನಲ್ಲಿ, ಬ್ರಿಟಿಷರು ಬೇಟೆಗೆ ಸಾಕಿದ್ದ 'ಮದ್ರಾಸ್ ಹಂಟ್' ನಾಯಿಗಳ ರಕ್ತದಲ್ಲಿ ಡಬ್ಲ್ಯು. ಎಸ್. ಪ್ಯಾಟನ್ ಹೊಸದೊಂದು ಪರೋಪಜೀವಿಯನ್ನು ಕಂಡು 1910ರಲ್ಲಿ ವರದಿ ಮಾಡಿದರು. ಅದು ನರಿಯ ರಕ್ತದಲ್ಲೂ ಸಿಕ್ಕಿತು. ಇಂದು ಅದರ ಹೆಸರು ಬಬೇಸಿಯಾ ಗಿಬ್ಸೊನಿ. ಕೆಂಪು ರಕ್ತಕಣದೊಳಗೆ ಸೇರಿ ಅದನ್ನು ಒಡೆಯುವುದೇ ಇದರ ಕೆಲಸ. ಒಸಡು ಬಿಳಿಚುವುದು ಅದರಿಂದಲೇ.

ಪ್ಯಾಟನ್ನರ ಕಾಲಕ್ಕೆ ಉಪಕರಣವೆಂದರೆ ಗಾಜಿನ ಸ್ಲೈಡು, ಬಣ್ಣ, ಸೂಕ್ಷ್ಮದರ್ಶಕ, ಅಷ್ಟೇ. ವಿಲಿಯಂ ಲೀಶ್ಮನ್ 1901ರಲ್ಲಿ ರೂಪಿಸಿದ ಬಣ್ಣದ ದ್ರಾವಣ ಇಂದಿಗೂ ನಮ್ಮ ಪ್ರಯೋಗಾಲಯಗಳಲ್ಲಿದೆ. ಕಾರ್ಯಕ್ರಮವೊಂದರ ಚಿತ್ರೀಕರಣದಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ, "ಅಗೋ, ಸಿಕ್ಕಿತು!" ಎಂದು ನಾನು ಕೂಗಿದ್ದುಂಟು. ವೈದ್ಯರು ನಕ್ಕರು, ನಾನು ಕಂಡದ್ದು ಒಣಗಿದ ಬಣ್ಣದ ಚುಕ್ಕೆ! ಗಿಬ್ಸೊನಿ ಬಹಳ ಚಿಕ್ಕದು. ರಕ್ತದಲ್ಲಿ ವಿರಳವಾಗಿದ್ದರೆ ಪಳಗಿದ ಕಣ್ಣಿಗೂ ತಪ್ಪಿಸಿಕೊಳ್ಳುತ್ತದೆ.

ಈ ಕಷ್ಟಕ್ಕೆ ಬೇರೆಯೇ ದಾರಿ ತೆರೆದದ್ದು 1971ರಲ್ಲಿ. ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಕಿಣ್ವದ ಬಣ್ಣದಿಂದ ಪ್ರತಿಕಾಯಗಳನ್ನು ಅಳೆಯುವ ಎಲಿಸಾ ವಿಧಾನವನ್ನು ಪ್ರಕಟಿಸಿದರು. 1980ರ ದಶಕದಲ್ಲಿ ಮನೆಯಲ್ಲೇ ಗರ್ಭಪರೀಕ್ಷೆ ಮಾಡುವ ಪಟ್ಟಿ ಬಂತು. ನಾಯಿಯ ಪಟ್ಟಿ ಅದರ ತಮ್ಮನೆನ್ನಬಹುದು. ರಕ್ತದ ದ್ರವ ಪಟ್ಟಿಯುದ್ದಕ್ಕೂ ಹರಿಯುತ್ತದೆ. ಹುಡುಕುತ್ತಿರುವ ವಸ್ತುವಿದ್ದರೆ ಚಿನ್ನದ ಅತಿಸೂಕ್ಷ್ಮ ಕಣಗಳು ಒಂದೆಡೆ ಸಿಕ್ಕಿ ಕೆಂಪು ಗೆರೆ ಮೂಡುತ್ತದೆ. ಇನ್ನೊಂದು ಗೆರೆ ಪಟ್ಟಿ ಕೆಟ್ಟಿಲ್ಲವೆಂದಷ್ಟೇ ತಿಳಿಸುತ್ತದೆ.

ಇಲ್ಲಿ ನೀವು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹೃದಯದ ಹುಳುವಿನ ಪಟ್ಟಿ ಹಿಡಿಯುವುದು ಆ ಹುಳುವಿನದೇ ವಸ್ತುವನ್ನು. ಬಬೇಸಿಯಾದ ಪಟ್ಟಿಗಳು ಸಾಮಾನ್ಯವಾಗಿ ಹಿಡಿಯುವುದು ನಾಯಿಯ ದೇಹ ತಯಾರಿಸಿದ ಪ್ರತಿಕಾಯವನ್ನು. ರೋಗ ತಗಲಿದ ಮೊದಲ ದಿನಗಳಲ್ಲಿ ಪ್ರತಿಕಾಯ ಇರುವುದಿಲ್ಲ. ನಾಯಿ ಮಲಗಿದ್ದರೂ ಗೆರೆ ಮೂಡದಿರಬಹುದು. ಗುಣವಾದ ಮೇಲೂ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಆಗ ಓಡಾಡಿಕೊಂಡಿರುವ ನಾಯಿಯಲ್ಲೂ ಗೆರೆ ಕಾಣುತ್ತದೆ. ಇನ್ನು ಔಷಧಿಯ ಮಾತು: ದೊಡ್ಡ ಜಾತಿಯ ಬಬೇಸಿಯಾಕ್ಕೆ ನಾಟುವ ಚುಚ್ಚುಮದ್ದು ಗಿಬ್ಸೊನಿಗೆ ಅಷ್ಟಾಗಿ ನಾಟುವುದಿಲ್ಲ. ಕಣದೊಳಗೆ ಜೋಡಿ ಪೇರಳೆಯಾಕಾರ ಕಂಡರೆ ದೊಡ್ಡದು, ಪುಟ್ಟ ಉಂಗುರ ಕಂಡರೆ ಗಿಬ್ಸೊನಿ ಎಂದು ಸ್ಲೈಡು ನೋಡಿಯೇ ಊಹಿಸಬಹುದು. ಪಟ್ಟಿಯ ಗೆರೆಗೆ ಆಕಾರವಿಲ್ಲ. ಅದಕ್ಕೇ ಅನುಭವಿ ವೈದ್ಯರು ಪಟ್ಟಿ ಹಾಕಿದ ಮೇಲೂ ನಾಯಿಯ ಕಿವಿಯಂಚನ್ನು ಚುಚ್ಚಿ, ಮತ್ತೊಂದು ಹನಿಯನ್ನು ಗಾಜಿನ ಮೇಲೆ ಸವರುತ್ತಾರೆ.